ಓಲ್ಡ್ ಲಾರೆಲ್‌ನ ಖಾಲಿ ನಿಮಿಷ

ಸ್ಪೈಸರ್ ನಾಬ್ ಗುಡ್ಡದ ಸ್ಲಾಲಂ ಸ್ಕೀ ಓಟದ ಹಾದಿಗೆ ಓಲ್ಡ್ ಲಾರೆಲ್ ಎಂದು ಹೆಸರು. ಅದರ ಇತಿಹಾಸ ಬರೆದುಕೊಡಿ ಎಂದು ಕ್ಲಬ್ಬಿನವರು ನನ್ನನ್ನು ಕೇಳಿದ್ದು 2022ರ ಅಕ್ಟೋಬರಿನಲ್ಲಿ. ಬರೆದು ಮುಗಿಸಿದ್ದು ಮೊನ್ನೆ. ಇವೆರಡರ ನಡುವೆ, ನನ್ನ ಅತಿ ಜಾಣತನದಿಂದಾಗಿ ನನ್ನ ಮಗಳು ಸಾಯುವುದರಲ್ಲಿದ್ದಳು. ಕ್ಲಬ್ಬಿನ ಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟ ಸಿಕ್ಕಿದೆ. ಅರ್ಧ ಪುಟದಲ್ಲಿ ಮುಗಿಯುವ ಮಾತಲ್ಲ ಅದು.

ನಾನು ಯಾಮಿನಿ. ಮೈಸೂರಿನವಳು, ಈಗಿರುವುದು ಕೆರೊಲಿನಾದ ಶಾರ್ಲಟ್‌ನ ಬ್ಯಾಲಂಟೈನ್‌ನಲ್ಲಿ. ಬ್ಯಾಂಕೊಂದರಲ್ಲಿ ಡೇಟಾ ಶುದ್ಧ ಮಾಡುವುದು ನನ್ನ ಕೆಲಸ. ಬೇಡದ ಸಾಲು, ಎರಡೆರಡು ಸಲ ಬಂದ ಸಾಲು, ಅರ್ಥವಿಲ್ಲದ ಸಾಲು ಕಂಡರೆ ನನಗೆ ಕೈ ಸುಮ್ಮನಿರುವುದಿಲ್ಲ. ಮಗಳು ಅಮೂಲ್ಯಾ ಹತ್ತನೇ ವಯಸ್ಸಿನಲ್ಲಿ ಶಾಲೆಯವರ ಜತೆ ಹೋಗಿ ಸ್ಕೀ ಕಲಿತಳು, ಭರತನಾಟ್ಯಕ್ಕೆ ಕೈಮುಗಿದು ಬಿಟ್ಟಳು. ಅಲ್ಲಿಂದ ಪ್ರತಿ ಶನಿವಾರ ಎರಡೂವರೆ ಗಂಟೆ ಡ್ರೈವ್ ಮಾಡಿ ಗುಡ್ಡಕ್ಕೆ ಹೋಗುವುದು ನಮ್ಮ ಮನೆಯ ಪಾಡಾಯಿತು. ಮಕ್ಕಳು ಓಡಬೇಕೆಂದರೆ ತಾಯ್ತಂದೆಯರು ಏನಾದರೊಂದು ಕೆಲಸಕ್ಕೆ ನಿಲ್ಲಬೇಕು. ನನ್ನ ಗಂಡ ಅವಿನಾಶ್ ಕಾಫಿ ಹಂಚುವ ಸುಖದ ಕೆಲಸ ಹಿಡಿದುಕೊಂಡರು. ನಾನು ಕೆಳಗಡೆ, ಓಟ ಮುಗಿಯುವಲ್ಲಿರುವ ಟೈಮಿಂಗ್ ಗುಡಿಸಲು ಸೇರಿದೆ.

ಸ್ಲಾಲಂ ಎಂದರೆ ಕೆಂಪು, ನೀಲಿ ಕಂಬಗಳ ನಡುವೆ ಹಾವಿನ ಹಾಗೆ ಹರಿದು ಇಳಿಯುವ ಓಟ. ಒಂದು ಕಂಬ ತಪ್ಪಿದರೂ ಓಟ ಹೋಯಿತು. ಗೆಲುವು ಸೋಲು ಸೆಕೆಂಡಿನ ನೂರನೇ ಭಾಗದಲ್ಲಿ ತೀರ್ಮಾನವಾಗುತ್ತದೆ. ಓಲ್ಡ್ ಲಾರೆಲ್‌ನಲ್ಲಿ ಮೊದಲ ಓಟ ನಡೆದದ್ದು 1967ರಲ್ಲಿ. ಆಗ ಕಂಬಗಳೆಲ್ಲ ಬಿದಿರಿನವು, ಕೈಯಲ್ಲಿ ಸ್ಟಾಪ್‌ವಾಚು. ಕೆರೊಲಿನಾದ ಆಕಾಶ ಸುರಿಸುವ ಹಿಮ ಸಾಲದೆಂದು ಯಂತ್ರದಲ್ಲಿ ನೀರು ಚಿಮ್ಮಿಸಿ ಹಿಮ ಮಾಡುವುದು ಅಲ್ಲಿ ಮೊದಲಿನಿಂದಲೂ ಇದೆ. ಇದನ್ನೆಲ್ಲ ನನಗೆ ಹೇಳಿದ್ದು ವೆಂಡೆಲ್ ಕೋಬಲ್. ಎಂಬತ್ತರ ಹತ್ತಿರದ ಮುದುಕ, ಐವತ್ತು ವರ್ಷದಿಂದ ಆ ಹಾದಿಯ ಮುಖ್ಯಸ್ಥ. ಪ್ರತಿ ಓಟಕ್ಕೆ ಕಂಬ ಎಲ್ಲೆಲ್ಲಿ ನೆಟ್ಟರು ಎಂಬುದನ್ನು ಪೆನ್ಸಿಲಿನಲ್ಲಿ ಬರೆದಿಟ್ಟ ನೋಟ್‌ಬುಕ್ಕುಗಳು, ಟೈಮಿಂಗ್ ಯಂತ್ರ ಮುದ್ರಿಸಿದ ಕಾಗದದ ಸುರುಳಿಗಳು ಎಲ್ಲವನ್ನೂ ನಾಲ್ಕು ಡಬ್ಬದಲ್ಲಿ ತುಂಬಿ ನನ್ನ ಕಾರಿನಲ್ಲಿಟ್ಟರು.

ಆ ಸುರುಳಿಗಳಲ್ಲೇ ನನಗೆ ಅದು ಸಿಕ್ಕಿತು. 1979ರಿಂದ ಈಚೆಗೆ ಪ್ರತಿ ಓಟದಲ್ಲೂ ಮೊದಲ ಸ್ಪರ್ಧಿಗಿಂತ ಮುಂಚೆ ಒಂದು ಹೆಚ್ಚಿನ ಸ್ಟಾರ್ಟ್ ಇತ್ತು. ನಂಬರಿಲ್ಲ, ಹೆಸರಿಲ್ಲ. ಬಹುತೇಕ ವರ್ಷಗಳಲ್ಲಿ ಅದಕ್ಕೆ ಫಿನಿಷ್ ಕೂಡ ಇಲ್ಲ. ಕೆಲವು ವರ್ಷ ಮಾತ್ರ ಇದೆ. ಒಮ್ಮೆ ಮೂರು ನಿಮಿಷ, ಒಮ್ಮೆ ಹನ್ನೊಂದು ನಿಮಿಷ. ಒಂದು ನಿಮಿಷದೊಳಗೆ ಇಳಿಯುವ ಹಾದಿಯಲ್ಲಿ ಹನ್ನೊಂದು ನಿಮಿಷ ತೆಗೆದುಕೊಂಡವರು ಯಾರು ಎಂದು ಕೋಬಲ್ ಅವರನ್ನು ಕೇಳಿದೆ.

"ಜೋನಿ ಟ್ರಿವೆಟ್," ಎಂದರು.

ಜೋನಿ ಫೋರ್‌ರನ್ನರ್ ಆಗಿದ್ದಳಂತೆ. ಓಟ ಶುರುವಾಗುವ ಮುಂಚೆ ಹಾದಿ ಸರಿಯಿದೆಯೋ ಇಲ್ಲವೋ ನೋಡಲು ಇಬ್ಬರು ಮೂವರನ್ನು ಇಳಿಸುತ್ತಾರೆ. ಅವರೇ ಫೋರ್‌ರನ್ನರುಗಳು. ಅವರ ಸಮಯ ಫಲಿತಾಂಶಕ್ಕೆ ಸೇರುವುದಿಲ್ಲ. 1978ರಲ್ಲಿ ಹದಿನೇಳರ ಜೋನಿ ಇಳಿದಳು, ಅರ್ಧ ದಾರಿಯ ತಿರುವಿನಲ್ಲಿ ಹಾದಿಯಂಚಿಗೆ ಕಟ್ಟಿದ ಹಗ್ಗದ ಕೆಳಗೆ ಜಾರಿ ಪೊದೆಗಳೊಳಗೆ ಹೋಗಿಬಿಟ್ಟಳು. ಅವತ್ತು ಮಂಜು. ಮೇಲಿನವರು ಕೆಳಗೆ ತಲುಪಿದಳು ಅಂದುಕೊಂಡರು. ಕೆಳಗಿನವರು ಅವಳು ಬರಬೇಕಿತ್ತೆಂಬುದನ್ನೇ ಮರೆತರು. ಓಟ ಪೂರ್ತಿ ನಡೆಯಿತು, ಬಹುಮಾನವನ್ನೂ ಕೊಟ್ಟರು. ಹುಡುಕಿದಾಗ ತಡವಾಗಿತ್ತು.

"ಫಿನಿಷ್‌ನಲ್ಲಿ ಪಟ್ಟಿ ಹಿಡಿದು ನಿಂತಿದ್ದವನು ನಾನೇ," ಎಂದರು ಕೋಬಲ್.

ಮರುವರ್ಷದಿಂದ ಎರಡು ಪದ್ಧತಿ ಬಂದವು. ಪ್ರತಿ ಫೋರ್‌ರನ್ನರನ್ನೂ ಫಿನಿಷ್‌ನಲ್ಲಿ ಒಬ್ಬರು ಕಣ್ಣಾರೆ ಕಂಡು, ಕಾಗದದ ಮೇಲೆ ಗುರುತು ಹಾಕಿ, ರೇಡಿಯೋದಲ್ಲಿ ಹೇಳಬೇಕು. ಆಮೇಲೆ ಸ್ಟಾರ್ಟ್‌ನಲ್ಲಿರುವ ಕಡ್ಡಿಯನ್ನು, ಅಂದರೆ ಓಟಗಾರರ ಕಾಲು ತಗಲಿದರೆ ಗಡಿಯಾರ ಶುರುವಾಗುವ ಕಡ್ಡಿಯನ್ನು, ಯಾರಾದರೂ ಕೈಯಿಂದ ತಳ್ಳಿ, ಖಾಲಿ ಹಾದಿಗೆ ಒಂದು ನಿಮಿಷ ಬಿಡಬೇಕು. ಅದು ಜೋನಿಯ ಓಟ. ಆ ನಿಮಿಷ ಗುಡ್ಡದ ಮೇಲೆ ಯಾರೂ ಮಾತಾಡುವುದಿಲ್ಲ.

ಅತ್ತೆಯ ತಿಥಿಯ ದಿನ ನಾನು ನಮ್ಮ ಡೆಕ್ಕಿನ ಮೇಲೆ ಎಡೆ ಇಟ್ಟು, ಕಾಗೆ ಬರಲಿ ಎಂದು ಗಂಟೆಗಟ್ಟಲೆ ಕಾದವಳು. ಬಾರದಿದ್ದಾಗ ಅತ್ತೆಗೆ ಯಾವುದೋ ಬೇಸರವಿದೆ ಎಂದು ಅತ್ತವಳು. ಅಂಥವಳಿಗೆ ಈ ಖಾಲಿ ನಿಮಿಷ ಅರ್ಥವಾಗಲಿಲ್ಲ ಎಂದರೆ ನನಗೇ ನಾಚಿಕೆ. ನನಗೆ ಕಂಡದ್ದು ಬರೀ ಒಂದು ಕೊಳಕು ಸಾಲು. ಆ ಹೆಚ್ಚಿನ ಸ್ಟಾರ್ಟಿನಿಂದ ಹೊಸ ಸಾಫ್ಟ್‌ವೇರಿನಲ್ಲಿ ಎಲ್ಲರ ನಂಬರೂ ಒಂದೊಂದು ಜರುಗಿ, ಮೊದಲನೆಯವಳ ಸಮಯ ಎರಡನೆಯವಳಿಗೆ ಹೋಗುತ್ತಿತ್ತು. ಕೂತು ಸರಿಮಾಡಿದೆ. ಮೊದಲ ಸ್ಪರ್ಧಿಗಿಂತ ಮುಂಚಿನದ್ದು ಯಾವುದೂ ಪರದೆಗೆ ಬರಬಾರದು, ನಂಬರಿಲ್ಲದ ಫಿನಿಷ್‌ಗಳೂ ಬರಬಾರದು. ಗಾಳಿಗೆ ಹಾರಿದ ಹಿಮ, ಯಾರದೋ ತೋಳು ಅಡ್ಡ ಬಂದರೂ ಯಂತ್ರ ಫಿನಿಷ್ ಅನ್ನುತ್ತದೆ, ಅದೆಲ್ಲ ಕಸ. ಇಷ್ಟು ಸಾಲದೆಂದು, "ಪರದೆ ಇರೋವಾಗ ಕಾಗದದ ಪಟ್ಟಿ ಯಾಕೆ?" ಎಂದು ಅದನ್ನೂ ತೆಗೆಸಿದೆ. ಅದರ ಜತೆ, ಬಂದವರನ್ನು ರೇಡಿಯೋದಲ್ಲಿ ಹೇಳುವುದೂ ನಿಂತಿತು. ಕೋಬಲ್ ಒಪ್ಪಿಬಿಟ್ಟರು. ಕಣ್ಣು ಮಂಜಾದ ಮೇಲೆ ಅವರು ಎಲ್ಲದಕ್ಕೂ ನನ್ನನ್ನೇ ನಂಬಿದ್ದರು.

ಓಟ 2023ರ ಫೆಬ್ರವರಿಯಲ್ಲಿ. ಅಮೂಲ್ಯಾಗೆ ಆಗ ಹದಿನೈದು. ಜ್ವರ ಬಂದು ಅರ್ಹತೆಯ ಓಟ ತಪ್ಪಿಹೋಗಿದ್ದರಿಂದ ಅವಳನ್ನು ಮೂರನೇ ಫೋರ್‌ರನ್ನರ್ ಮಾಡಿದ್ದರು. ಅವಳಿಗೆ ಖುಷಿ, ನನಗೆ ಸಿಟ್ಟು.

"ಟೈಮೇ ಇಲ್ಲದ ಓಟಕ್ಕೆ ಯಾಕೆ ಅಷ್ಟು ಸಂಭ್ರಮ ನಿಂಗೆ?" ಎಂದೆ ಬೆಳಿಗ್ಗೆ, ಕಾರಿನಲ್ಲಿ.

"ಅಮ್ಮ, ಫ್ರೆಶ್ ಕೋರ್ಸ್! ನನ್ನ ಮುಂದೆ ಬರೀ ಟೂ ಪೀಪಲ್. ನೀನು ನೋಡ್ತೀಯಾ ಅಲ್ವಾ?"

"ನೋಡ್ತೀನಿ ಹೋಗು."

ಹತ್ತು ಗಂಟೆಗೆ ಗುಡ್ಡದ ಅರ್ಧಕ್ಕೆ ಮಂಜು ಇಳಿದಿತ್ತು. ಹಾದಿಯುದ್ದಕ್ಕೂ ನಿಂತ ಕಂಬದ ಕಾವಲಿನವರಿಗೆ ತಮ್ಮೆದುರಿನ ನಾಲ್ಕೈದು ಕಂಬ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ರೇಡಿಯೋದಲ್ಲಿ ಮೊದಲ ಫೋರ್‌ರನ್ನರ್ ಹೊರಟ ಸುದ್ದಿ ಬಂತು, ಎರಡನೆಯವನದೂ ಬಂತು. ಇಬ್ಬರೂ ನನ್ನ ಕಿಟಕಿಯ ಮುಂದೆಯೇ ಹಿಮ ಎರಚಿ ನಿಂತರು. "ಮೂರನೆಯವಳು ಹೊರಟಳು," ಎಂದರು ಮೇಲಿನವರು. ಅಷ್ಟರಲ್ಲಿ ಪ್ರಿಂಟರಿನ ವಯರು ಸಡಿಲಾಗಿತ್ತು. ನಾನು ಮೇಜಿನ ಕೆಳಗೆ ತಲೆ ಹಾಕಿದೆ. ಎದ್ದಾಗ ಹೊರಗೆಲ್ಲ ನಿಶ್ಶಬ್ದ. ಖಾಲಿ ನಿಮಿಷ ನಡೆಯುತ್ತಿತ್ತು. ಅಂದರೆ ಅಮೂಲ್ಯಾ ಬಂದಾಯಿತು, ಅಪ್ಪನ ಹತ್ತಿರ ಹಾಟ್ ಚಾಕೊಲೆಟ್ ಕುಡಿಯುತ್ತಿರಬೇಕು ಅಂದುಕೊಂಡೆ. ಮೇಲಿನವರು, ಏನಾದರೂ ಆಗಿದ್ದರೆ ಕೆಳಗಿನಿಂದ ಹೇಳುತ್ತಿದ್ದರು ಅಂದುಕೊಂಡರಂತೆ. ಕೆಳಗಿನವಳು ನಾನು.

ಓಟ ಶುರುವಾಯಿತು. ಒಬ್ಬೊಬ್ಬರಾಗಿ ಇಳಿದರು, ಪರದೆಯ ಮೇಲೆ ಹೆಸರು, ನಂಬರು, ಸಮಯ ಚೊಕ್ಕವಾಗಿ ಕೂತವು. ನನಗೆ ಹೆಮ್ಮೆ. ನಾಲ್ಕನೆಯವಳ ನಂತರ ಪ್ರಿಂಟರ್ ಒಂದು ಸಾಲು ಹೆಚ್ಚಿಗೆ ಮುದ್ರಿಸಿತು. ನಂಬರಿಲ್ಲದ ಫಿನಿಷ್. ಹೊರಗೆ ನೋಡಿದೆ, ಗೆರೆಯ ಹತ್ತಿರ ಯಾರೂ ಇರಲಿಲ್ಲ. ಕಾಗದ ಹರಿದು ಬುಟ್ಟಿಗೆ ಹಾಕಿದೆ. ಏಳನೆಯವಳ ನಂತರ ಮತ್ತೆ ಬಂತು. ಗಾಳಿಯೂ ಇರಲಿಲ್ಲ.

"ಯಾರು ಬಂದದ್ದು?" ಎಂದರು ಪಕ್ಕದ ಕುರ್ಚಿಯಲ್ಲಿದ್ದ ಕೋಬಲ್.

"ಯಾರೂ ಇಲ್ಲ. ಕಸ."

ಒಂಬತ್ತನೆಯವಳ ನಂತರ ಮೂರನೇ ಸಲ ಬಂತು. ಎದ್ದು ಹೋಗಿ, ಗೆರೆ ದಾಟಿದವರನ್ನು ಹಿಡಿಯುವ ಬೆಳಕಿನ ಕಣ್ಣನ್ನು ಒರೆಸಿ ಬಂದೆ. ಅಲ್ಲಿ ನಿಂತಾಗ, ಯಾರೋ ನನ್ನ ಉತ್ತರಕ್ಕೆ ಕಾಯುತ್ತಿರುವಂತೆ ಅನ್ನಿಸಿತು. ಹೆದರಿಕೆಯಾಯಿತು, ಹೆದರಿದ್ದಕ್ಕೆ ನನ್ನ ಮೇಲೇ ಕೋಪ ಬಂತು. ಹನ್ನೊಂದನೆಯವಳು ದಾಟಿ ಹೋದ ಮೇಲೆ ನಾಲ್ಕನೇ ಸಲ ಪ್ರಿಂಟರ್ ಕಿರುಗುಟ್ಟಿತು. ಕೋಬಲ್ ನನ್ನ ಕೈ ಹಿಡಿದುಕೊಂಡರು.

"ಮೂವರನ್ನೂ ನೀನು ಕಣ್ಣಾರೆ ಕಂಡೆಯಾ?"

ತಲೆಯೆತ್ತಿದೆ. ಓಟಗಾರರು ಮೇಲೆ ಬಿಚ್ಚಿಟ್ಟ ಜಾಕೆಟ್ಟುಗಳನ್ನು ಲಿಫ್ಟಿನಲ್ಲಿ ಕೆಳಗೆ ಕಳಿಸಿ, ಬೇಲಿಯ ಮೇಲೆ ತೂಗುಹಾಕುತ್ತಾರೆ. ಬಂದವರು ತಮ್ಮತಮ್ಮದನ್ನು ಹಾಕಿಕೊಳ್ಳುತ್ತಾರೆ. ಅಮೂಲ್ಯಾಳ ಹಳದಿ ಜಾಕೆಟ್ ಹಾಗೇ ತೂಗುತ್ತಿತ್ತು. ಹತ್ತು ನಿಮಿಷದಿಂದ ಅದು ನನ್ನ ಕಿಟಕಿಯ ನೇರಕ್ಕೇ ಇತ್ತು.

ನಾನು ರೇಡಿಯೋದಲ್ಲಿ ಕಿರುಚಿದ್ದು ಕನ್ನಡದಲ್ಲಂತೆ. "ನಿಲ್ಸಿ, ನಿಲ್ಸಿ, ನನ್ನ ಮಗು ಎಲ್ಲಿ!" ಯಾರಿಗೂ ಭಾಷೆ ತಿಳಿಯಲಿಲ್ಲ, ಆದರೂ ಓಟ ನಿಂತಿತು. ಕೋಬಲ್ ನನ್ನ ಕೈಯಿಂದ ರೇಡಿಯೋ ತೆಗೆದುಕೊಂಡು ಎರಡೇ ಮಾತು ಹೇಳಿದರು: "ತಿರುವಿನಲ್ಲಿ. ಪೊದೆಯಲ್ಲಿ."

ಸಿಕ್ಕಳು. ತಲೆಕೆಳಗಾಗಿ ಬಿದ್ದಿದ್ದಳು, ತೊಡೆಯ ಮೂಳೆ ಮುರಿದಿತ್ತು, ಎದೆಯವರೆಗೆ ಹಿಮ. ಮೈ ತಣ್ಣಗಾಗಿ ಮಾತು ತೊದಲುತ್ತಿತ್ತು. ಇನ್ನು ಕಾಲು ಗಂಟೆ ಕಳೆದಿದ್ದರೆ ಹೇಳುವಂತಿರಲಿಲ್ಲ ಎಂದರು ಹೊತ್ತು ತಂದವರು. ಅವಿನಾಶ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆಪರೇಷನ್ ಆಯಿತು. ಮೂರನೇ ದಿನ ಮಧ್ಯಾಹ್ನ ಅವಿನಾಶ್ ಊಟ ತರಲು ಹೋಗಿದ್ದರು. ಆಸ್ಪತ್ರೆಯ ಕೋಣೆಯಲ್ಲಿ ನಾವಿಬ್ಬರೇ. ನಾನು ಸೇಬು ಹೆಚ್ಚುತ್ತಿದ್ದೆ. ಅವಳಿಗೆ ಎಲ್ಲ ಹೇಳಿಬಿಡಬೇಕೆಂದು ಮೂರು ದಿನದಿಂದ ಬಾಯಿ ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ.

"ಅಮ್ಮ, ನಂಗೆ ಎಲ್ಲಾ ಕೇಳಿಸ್ತಿತ್ತು," ಎಂದಳು ಅವಳೇ. "ರೇಸರ್ಸ್ ಹೋಗೋದು. ಜೋರಾಗಿ ಕೂಗೋಕೆ ಮಾತ್ರ ಆಗ್ತಿರ್ಲಿಲ್ಲ. ಐ ಕೌಂಟೆಡ್. ಇವಳಾದ್ಮೇಲೆ ಅಮ್ಮ ಸ್ಟಾಪ್ ಮಾಡ್ತಾಳೆ, ಇವಳಾದ್ಮೇಲೆ ಸ್ಟಾಪ್ ಮಾಡ್ತಾಳೆ ಅಂತ."

ಚಾಕು ಕೆಳಗಿಟ್ಟೆ.

"ಬಟ್ ನಂಗೆ ಭಯ ಆಗ್ಲಿಲ್ಲ. ಫಸ್ಟ್ ಬಂದಳಲ್ಲ, ರೇಸ್ ಸ್ಟಾರ್ಟ್ ಆಗೋ ಮುಂಚೆ, ಆ ಹುಡುಗಿ ನನ್ನ ನೋಡಿದ್ಲು. ತುಂಬಾ ಸ್ಲೋ ಆಗಿ ಬಂದು ನಿಂತ್ಕೊಂಡ್ಲು. ಓಲ್ಡ್ ಸ್ವೆಟರ್, ಹೆಲ್ಮೆಟ್ ಕೂಡ ಇಲ್ಲ. 'ಟೆಲ್ ಮೈ ಮಾಮ್, ಶೀ ಈಸ್ ಇನ್ ದ ಟೈಮಿಂಗ್ ಹಟ್' ಅಂದೆ. ಹೂಂ ಅಂತ ತಲೆ ಆಡಿಸಿ ಕೆಳಗೆ ಹೋದ್ಲು."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಅವಳು ನಿಂಗೆ ಹೇಳ್ಲಿಲ್ವಾ, ಅಮ್ಮ?"

ಇಲ್ಲ ಎಂದುಬಿಡಬಹುದಿತ್ತು. ಹುಡುಗಿ ಚಳಿಯ ಮಂಪರಿನಲ್ಲಿ ಏನೋ ಕಂಡಿದ್ದಾಳೆ ಎಂದು ತಲೆ ಸವರಿ ಸುಮ್ಮನಾಗಬಹುದಿತ್ತು.

"ಹೇಳಿದ್ಲು ಪುಟ್ಟಿ," ಎಂದೆ. "ನಾಲ್ಕು ಸಲ ಬಂದು ಹೇಳಿದ್ಲು. ನಾನೇ ಹರಿದು ಬುಟ್ಟಿಗೆ ಹಾಕ್ದೆ."