ಬಚ್ಚಲಮನೆಯ ಬಾಗಿಲು

"ಬಚ್ಚಲಿಗೂ ಬಾಗಿಲಿಲ್ವೇನಮ್ಮಾ!" ಎಂದರು ಮೇಸ್ತ್ರಿ, ನಡುಮನೆಯ ಗೋಡೆಗೆ ಒರಗಿಸಿಟ್ಟಿದ್ದ ನಾಲ್ಕು ಬಾಗಿಲುಗಳನ್ನು ನೋಡುತ್ತ.

ಅವಳು ಬಟ್ಟೆ ತುಂಬಿದ ಚೀಲವನ್ನು ಕಾಲಿನಿಂದಲೇ ಮೆಲ್ಲಗೆ ಕುರ್ಚಿಯ ಹಿಂದಕ್ಕೆ ತಳ್ಳಿದಳು. ಮಧ್ಯಾಹ್ನದ ಬಸ್ಸಿಗೆ ಅಕ್ಕನ ಮನೆಗೆ ಹೊರಟಿದ್ದಳು. ತಿರುಗಿ ಬರುವ ಯೋಚನೆ ಇರಲಿಲ್ಲ. "ಹಳೇ ದುಪ್ಪಟಿ ಕಟ್ಟಿದೀನಿ. ಒಳಗಿರೋರು ಕೆಮ್ತಾ ಇರ್ಬೇಕು, ಅಷ್ಟೆ," ಎಂದಳು. ನಗಿಸಲು ಹೇಳಿದ ಮಾತು. ಆದರೆ ನಗುವಷ್ಟು ತ್ರಾಣ ಅವಳಿಗೇ ಇರಲಿಲ್ಲ.

ಗಂಡ ಬಡಗಿ, ಈ ಮೇಸ್ತ್ರಿಯ ಕೈಯಲ್ಲೇ ಪಳಗಿದವನು. ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಮೈಯಲ್ಲಿ ಹತ್ತಾಳಿನ ಬಲ ಬಂದವನಂತೆ, ನಾಲ್ಕು ದಿನ ಕಣ್ಣು ಮುಚ್ಚದೆ, ಮನೆಯ ಒಳಬಾಗಿಲುಗಳನ್ನೆಲ್ಲ ಕಿತ್ತು, ನುಣುಪು ಸಾಲದೆಂದು ಕೀಸಲು ಕೂತ. ಅರಮನೆಯಲ್ಲೂ ಇಂಥ ಬಾಗಿಲು ಇರಬಾರದು ಎಂದ. ಮುಂಬಾಗಿಲಿಗೆ ಕೈ ಹಾಕಿದಾಗ ಅವಳೇ ಅಡ್ಡ ನಿಂತಳು. ಐದನೆಯ ದಿನ ಉಕ್ಕಿದ ಹಾಲು ಇಳಿದಂತೆ ಇಳಿದು ಹಾಸಿಗೆ ಹಿಡಿದವನು, ಇವತ್ತಿಗೂ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾನೆ. ಹೀಗಾದದ್ದು ಇದು ಮೂರನೆಯ ಸಲ. ಆಸ್ಪತ್ರೆಯಲ್ಲಿ ಈ ಬಾರಿ ಬೈಪೋಲಾರ್ ಎಂದು ಕಾಯಿಲೆಗೆ ಹೆಸರು ಹೇಳಿ ಮಾತ್ರೆ ಬರೆದುಕೊಟ್ಟರು. ನೆಂಟರಲ್ಲಿ ಒಬ್ಬರು ಸೋಮಾರಿತನ ಎಂದರು, ಇನ್ನೊಬ್ಬರು ಹೆಂಡತಿಯ ಕಾಟ ಎಂದರು. ಊರ ಬಾಯಿ ಮುಚ್ಚುವ ಮೂಕುಡಿ ಎಲ್ಲಿ ಸಿಗುತ್ತದೆ? ದಿನವೆಲ್ಲ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿದು ಬಂದು, ಇವನ ಬಾಯಿಗೆ ಎರಡು ತುತ್ತು ಇಟ್ಟು, ಮಾತ್ರೆ ನುಂಗಿಸಿ, ಅವಳು ಸೋತುಹೋಗಿದ್ದಳು.

ಮೇಸ್ತ್ರಿಯ ಕಣ್ಣು ಚೀಲದ ಮೇಲೆ ಬಿತ್ತು. ಅವರು ನೋಡದವರಂತೆ ಕುರ್ಚಿಯಲ್ಲಿ ಕೂತರು.

"ನಮ್ಮನೆಯವಳಿಗೂ ಇದೇ ಕಾಯಿಲೆ ಕಣಮ್ಮ."

"ದೊಡ್ಡಮ್ಮಂಗಾ?" ಮೇಸ್ತ್ರಿಯ ಹೆಂಡತಿಯನ್ನು ಅವಳು ಹಾಗೆಯೇ ಕರೆಯುವುದು. "ನಮ್ಮ ಮದುವೇಲಿ ಟೊಂಕ ಕಟ್ಟಿ ನಿಂತಿದ್ದು ಅವರೇ ಅಲ್ವಾ?"

"ಹೂಂ, ಅವಳೇ. ಅದಕ್ಕೆ ಐದು ವರ್ಷ ಮುಂಚೆ ತಲೆ ಬಾಚ್ಕೊಳ್ಳೋಕೂ ಏಳ್ತಿರಲಿಲ್ಲ. ಅದಕ್ಕೂ ಮುಂಚೆ ಒಂದ್ಸಲ ಮನೆ ಪಾತ್ರೆಯೆಲ್ಲ ಬೀದಿಯವರಿಗೆ ಹಂಚಿಬಿಟ್ಟಿದ್ಲು. 'ಒಂದು ಲೋಟ ಆದ್ರೂ ವಾಪಸ್ ಕೊಡಿ ಸ್ವಾಮಿ' ಅಂತ ಮನೆಮನೆ ತಿರುಗಿದೀನಿ ನಾನು."

ಅವಳಿಗೆ ನಗು ಬಂತು. ಅದರ ಬೆನ್ನಿಗೇ ಅಳುವೂ ಬಂತು. "ಈಗ ವಾಸಿಯಾಗಿದ್ಯಾ?"

"ಸುಳ್ಳು ಯಾಕೆ ಹೇಳ್ಲಿ? ಬುಡಸಮೇತ ಹೋಗಲ್ಲ. ಹಿಡಿತಕ್ಕೆ ಬರುತ್ತೆ. ಒಗ್ಗೋ ಮಾತ್ರೆ ಸಿಗೋಕೇ ಎರಡು ವರ್ಷ ಹಿಡೀತು. ಆಮೇಲೆ ನೋಡು, ನನ್ನ ಬೈಯೋದನ್ನ ಒಂದು ದಿನಾನೂ ತಪ್ಪಿಸಿಲ್ಲ." ಮೇಸ್ತ್ರಿ ಕುರ್ಚಿಯ ಹಿಂದಿನ ಚೀಲದ ಕಡೆ ಕೈ ತೋರಿಸಿದರು. "ಹೋಗ್ಬೇಡ ಅನ್ನೋಕೆ ನಾನು ಬಂದಿಲ್ಲ. ನಾನೂ ಒಂದ್ಸಲ ಅವಳನ್ನ ಅವಳ ತಂಗಿಗೆ ಒಪ್ಪಿಸಿ ಅಣ್ಣನ ಮನೆಗೆ ಓಡಿದ್ದೆ. ಎಂಟು ದಿನ ಬರೀ ನಿದ್ದೆ ಮಾಡ್ದೆ. ಆಮೇಲೆ ಬಂದೆ."

ಅವರು ಎದ್ದು ಬಚ್ಚಲಿನ ಬಾಗಿಲನ್ನು ಎತ್ತಿ ತಂದು ಚೌಕಟ್ಟಿಗೆ ಆನಿಸಿದರು. "ಲೋ," ಎಂದು ಕೋಣೆಯ ಕಡೆ ಕೂಗಿದರು, "ಕೆಳಗೆ ಕಾಲು ಕೊಡೋಕೆ ಒಬ್ಬ ಬೇಕು ಕಣೋ."

ಅವಳು ಮುಂದೆ ಬಂದಳು. ಮೇಸ್ತ್ರಿ ಬೇಡವೆಂದು ಕಣ್ಣಲ್ಲೇ ತಡೆದರು. ಬಾಗಿಲಿಗೆ ಹೆಗಲು ಕೊಟ್ಟು ನಿಂತೇ ಇದ್ದರು. ಅರವತ್ತು ದಾಟಿದ ಮನುಷ್ಯ, ಆದರೂ ಬಾಗಿಲನ್ನು ಕೆಳಗಿಡಲಿಲ್ಲ. ಅವಳಿಗೆ ಗಂಡನ ಮೇಲೆ ಸಿಟ್ಟು ಬಂತು, ಮೇಸ್ತ್ರಿಯ ಮೇಲೂ ಬಂತು.

ಮಂಚ ಕಿರುಗುಟ್ಟಿತು. ಗಡ್ಡ ಬಿಟ್ಟ ಮುಖ, ಮುದುಡಿದ ಅಂಗಿ; ಗಂಡ ಬಂದು, ಯಾರನ್ನೂ ನೋಡದೆ, ಬಾಗಿಲಿನ ಕೆಳಗೆ ಕಾಲಿನ ತುದಿ ಕೊಟ್ಟು ಎತ್ತಿದ. ಮೇಸ್ತ್ರಿ ಕೆಳಗಿನ ಬಿಜಾಗರಿಗೆ ಸ್ಕ್ರೂ ಹಿಡಿದರು.

"ಮೇಲಿಂದು ಮೊದ್ಲು," ಎಂದ. ವಾರದಿಂದ ಅವನ ಬಾಯಿಂದ ಬಂದ ಮಾತು ಇಷ್ಟೇ.

"ನಂಗೇ ಹೇಳ್ಕೊಡ್ತೀಯಾ?" ಎಂದು ಗದರಿ ಮೇಸ್ತ್ರಿ ಮೇಲಿನದನ್ನೇ ಮೊದಲು ತಿರುಗಿಸಿದರು. ಕೆಲಸ ಮುಗಿದದ್ದೇ ಅವನು ಹೋಗಿ ಮಲಗಿದ. "ಇವತ್ತಿಗೆ ಒಂದು ಸಾಕು. ಭಾನುವಾರ ದೊಡ್ಡಮ್ಮನ್ನೂ ಕರ್ಕೊಂಡು ಬರ್ತೀನಿ," ಎಂದು ಮೇಸ್ತ್ರಿ ಚಪ್ಪಲಿ ಮೆಟ್ಟಿದರು.

ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿ ಚಿಲಕ ಸರಿಸಿದಳು. ಬಕೆಟ್ಟನ್ನು ಬೋರಲು ಹಾಕಿ ಕೂತು, ಕೆಮ್ಮದೆ, ಮನಸಾರೆ ಅತ್ತಳು. ಬಸ್ಸಿನ ಹೊತ್ತಾಗುತ್ತಿತ್ತು. ಇನ್ನೂ ಹತ್ತು ನಿಮಿಷ ಕೂತರೆ ತಪ್ಪಿಯೇ ಹೋಗುತ್ತದೆ ಎಂದು ಗೊತ್ತಿತ್ತು. ಕೂತಳು.

ಬಾಗಿಲಿನ ಕೆಳಗಿನ ಸಂದಿಯಲ್ಲಿ ಎರಡು ಪಾದಗಳು ಬಂದು ನಿಂತವು.

"ಇದ್ದೀಯಾ?" ಎಂದಿತು ಗಂಡನ ದನಿ.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಇದ್ದೀನಿ."

ಪಾದಗಳು ಹೋಗಲಿಲ್ಲ. ಆ ಕಡೆಯಿಂದ ಅವನ ಬೆರಳು ಬಾಗಿಲಿನ ಅಂಚನ್ನು ಮೇಲಿನಿಂದ ನಿಧಾನವಾಗಿ ಸವರಿಕೊಂಡು ಬರುವ ಸದ್ದು ಕೇಳಿಸಿತು, ಇನ್ನೂ ಎಲ್ಲೆಲ್ಲಿ ಕೀಸಬೇಕು ಎಂದು ನೋಡುವಂತೆ.