ದೀಪ ಕಾಯುವ ಡಬ್ಬಿ

"ಒಂದ ಸಲಾನೂ ಒದರಿಲ್ಲರಿ, ಮಾವಾರ," ಎಂದು ತ್ರಿವೇಣಿ ಅಂಗಳದಲ್ಲೇ ಸುದ್ದಿ ಮುಟ್ಟಿಸಿದಳು. ಅವಳ ಒಂದು ಕೈಯಲ್ಲಿ ಚೆಂಡುಹೂವಿನ ಬುಟ್ಟಿ, ಸೊಂಟದ ಮೇಲೆ ಎಂಟು ತಿಂಗಳ ಕೂಸು.

ಬಾಳೇಶನ ಮುಖ ಅರಳಿತು. ಬೆಳಗಾವಿಯಿಂದ ಮೊದಲ ಬಸ್ಸು ಹಿಡಿದು ಖಾನಾಪುರದಲ್ಲಿ ಇಳಿದು ಅಕ್ಕನ ಮನೆಯವರೆಗೆ ನಡೆದು ಬರುವಾಗ ಅವನ ಜೀವವೆಲ್ಲ ಆ ಡಬ್ಬಿಯಲ್ಲೇ ಇತ್ತು. ನವರಾತ್ರಿಯ ಘಟ್ಟ ಹಾಕಿ ಇಂದಿಗೆ ನಾಲ್ಕನೆಯ ದಿನ. ಮೂರು ರಾತ್ರಿ ಕಳೆದಿವೆ. ಡಬ್ಬಿ ಕೂಗಿಲ್ಲವೆಂದರೆ ದೀಪ ಸೊರಗಿಲ್ಲ, ದೀಪ ಸೊರಗಿಲ್ಲವೆಂದರೆ ಅಕ್ಕ ಮೂರು ರಾತ್ರಿ ಸುಖವಾಗಿ ಮಲಗಿದ್ದಾಳೆ ಎಂದು ಅವನು ಲೆಕ್ಕ ಹಾಕಿದ.

"ಆದರ ಅತ್ತಿನೂ ಕಣ್ಣ ಮುಚ್ಚಿಲ್ಲರಿ," ತ್ರಿವೇಣಿ ಒಳಗಿನ ಕಡೆ ನೋಡಿ ದನಿ ತಗ್ಗಿಸಿದಳು. "ಮೂರೂ ರಾತ್ರಿ ಕುಂತ ಕಳದಾರ. ನಮ್ಮ ಮನ್ಯಾವರದು ರಾತ್ರಿಪಾಳಿ, ಅವರಿಗೆ ನಾ ಇನ್ನೂ ಹೇಳಿಲ್ಲ."

ಅವಳು ಗಂಡ ಸಾತಪ್ಪನಿಗೆ ಹೇಳದಿರುವುದಕ್ಕೆ ಕಾರಣವಿತ್ತು. ದೇವರ ಜಗಲಿಯ ಮುಂದೆ ಮಣ್ಣು ಹರವಿ, ಐದು ಬಗೆಯ ಕಾಳು ಬಿತ್ತಿ, ನಡುವೆ ಕೊಡವಿಟ್ಟು ಘಟ್ಟ ಹಾಕಿದರೆ ಅದರ ಬಾಜು ಹಚ್ಚಿದ ದೀಪ ನವರಾತ್ರಿ ಮುಗಿಯುವವರೆಗೆ ಉರಿಯಬೇಕು. ಆ ಮನೆಯಲ್ಲಿ ದೀಪ 'ಆರಿತು' ಎಂಬ ಮಾತನ್ನು ಕೂಡ ಯಾರೂ ಆಡುವುದಿಲ್ಲ. ಆಡಲೇಬೇಕಾದರೆ 'ಶಾಂತ ಆತು' ಎನ್ನುತ್ತಾರೆ. ತನ್ನ ಅತ್ತೆಯ ಕೈಯಿಂದ ಆ ದೀಪವನ್ನು ಪಡೆದ ಸಾತಪ್ಪನ ತಾಯಿ ಅಕ್ಕವ್ವ ಮೂವತ್ತೊಂದು ವರ್ಷ ಅದನ್ನು ಶಾಂತವಾಗಲು ಬಿಟ್ಟವಳಲ್ಲ. ಒಂಬತ್ತು ರಾತ್ರಿಯೂ ಜಗಲಿಯ ಎದುರು ಕೂತು ಬತ್ತಿ ತೀಡುತ್ತ, ಎಣ್ಣೆ ಹನಿಸುತ್ತ ಬೆಳಗು ಮಾಡುವವಳು. ಕಳೆದ ವರ್ಷ ಆರನೆಯ ದಿನ ತಲೆ ತಿರುಗಿ ಬಿದ್ದಳು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ರಕ್ತದೊತ್ತಡ ಏರಿದೆ, ನಿದ್ದೆಗೆಟ್ಟರೆ ಮುಂದಿನ ಸಲ ಇಷ್ಟಕ್ಕೇ ಮುಗಿಯುವುದಿಲ್ಲ ಎಂದರು ಡಾಕ್ಟರು. ಈ ಸಲ ಹಬ್ಬ ಇನ್ನೂ ದೂರವಿದ್ದಾಗಲೇ, ಹಂಚಿನ ಕಾರ್ಖಾನೆಯ ಪಾಳಿ ಮುಗಿಸಿ ಬಂದ ಸಾತಪ್ಪ ತಾಯಿಯ ಮುಂದೆ ಕೂತು, ಈ ವರ್ಷ ಅವಳೇನಾದರೂ ನಿದ್ದೆಗೆಟ್ಟರೆ ಮುಂದಿನ ವರ್ಷ ಈ ಮನೆಯಲ್ಲಿ ಘಟ್ಟವೇ ಇಲ್ಲ ಎಂದು ಮೆಲ್ಲಗೆ, ಆದರೆ ಗಟ್ಟಿಯಾಗಿ ಹೇಳಿಬಿಟ್ಟಿದ್ದ. ತ್ರಿವೇಣಿ ತಾನು ಕಾಯುತ್ತೇನೆ ಎಂದರೆ, ಮೊಲೆ ಕುಡಿಯುವ ಕೂಸಿನ ತಾಯಿಗೆ ಈ ಉಸಾಬರಿ ಬೇಡವೆಂದು ಅಕ್ಕವ್ವನೇ ತಡೆದಿದ್ದಳು.

ಅಲ್ಲಿಗೆ ಬಂತು ಬಾಳೇಶನ ಡಬ್ಬಿ. ಅವನು ಬೆಳಗಾವಿಯ ಒಂದು ತಾಂತ್ರಿಕ ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕ. ರಾಮತೀರ್ಥ ನಗರದ ಅವನ ಮನೆಯಲ್ಲಿ ಅಡುಗೆಮನೆಗೆ ಅಂಟಿಕೊಂಡ ಒಂದು ಸಣ್ಣ ಕೋಣೆ ತುಂಬ ಬಿಚ್ಚಿದ ರೇಡಿಯೊಗಳು, ತಂತಿಯ ಸುರುಳಿಗಳು, ಕಾಲೇಜಿನವರು ಹರಾಜಿಗೆ ಹಾಕಿದ್ದ ಹಳೆಯ ಕಂಪ್ಯೂಟರು. ಸಂಜೆಯಾದರೆ ಸೋಲ್ಡರಿನ ರಾಳದ ಹೊಗೆ ದೇವರ ಕೋಣೆಯವರೆಗೂ ಹರಡುತ್ತಿತ್ತು. ನಮ್ಮ ಮನೆಯಲ್ಲಿ ದೇವರಿಗೆ ಊದಿನಕಡ್ಡಿ ಬೇಕಾಗಿಯೇ ಇಲ್ಲ ಎಂದು ಹೆಂಡತಿ ಅನುರಾಧಾ ನಗುತ್ತಿದ್ದಳು. ಅಲ್ಲಿ ಎರಡು ತಿಂಗಳು ಕೂತು ಅವನು ಇದನ್ನು ಕಟ್ಟಿದ್ದ. ಸಾಬೂನಿನ ಡಬ್ಬಿಯೊಳಗೆ ನಲವತ್ತು ಕಾಲಿನ ಒಂದು ಚಿಪ್ಪು, ಬರೆದು ತುಂಬಿದಂತೆ ನಡೆಯುವ ಪುಟ್ಟ ಕಂಪ್ಯೂಟರು. ಡಬ್ಬಿಯ ಮೂತಿಗೆ ಹುರುಳಿಕಾಳಿನಷ್ಟು ದೊಡ್ಡ, ಬೆಳಕು ಗುರುತಿಸುವ ಕಣ್ಣು. ಅದಕ್ಕೆ ದೀಪದ ಕುಡಿಯೊಂದೇ ಕಾಣಲೆಂದು ಪೆನ್ನಿನ ಕೊಳವೆಯ ತುಂಡು. ಕುಡಿ ಗಾಳಿಗೆ ಓಲಾಡಿದರೆ ಚಿಪ್ಪು ತಾಳಿಕೊಳ್ಳುತ್ತದೆ. ಹತ್ತು ಎಣಿಸುವಷ್ಟು ಹೊತ್ತು ಬೆಳಕು ಸೊರಗಿಯೇ ಇದ್ದರೆ ಮನೆಯೆಲ್ಲ ಏಳುವಂತೆ ಕೂಗುತ್ತದೆ. ಕರೆಂಟು ಹೋದರೂ ನಡೆಯಬೇಕಲ್ಲ. ದೀಪದ ಕೆಲಸ ಎಂದ ಕೂಡಲೇ ರೇಡಿಯೊ ರಿಪೇರಿಯ ಮಜೀದ ತನ್ನ ಅಂಗಡಿಯಲ್ಲಿದ್ದ ಗಟ್ಟಿ ಬ್ಯಾಟರಿಯನ್ನೇ ಹುಡುಕಿಕೊಟ್ಟಿದ್ದ.

ಒಳಗೆ ಅಕ್ಕವ್ವ ಕಂಬಕ್ಕೆ ಒರಗಿ ಕೂತಿದ್ದಳು. ಜಗಲಿಯ ಮೇಲೆ ನಾಲ್ಕನೆಯ ದಿನದ ಮಾಲೆ ಏರಿತ್ತು. ಮಣ್ಣಿನಲ್ಲಿ ಬಿಳಿ ಮೊಳಕೆಗಳು ತಲೆ ಎತ್ತಿದ್ದವು. ದೀಪ ತನ್ನ ಪಾಡಿಗೆ ತಾನು ಉರಿಯುತ್ತಿತ್ತು. ಎದುರಿನ ಡಬ್ಬಿಗೆ ಅವಳು ವಿಭೂತಿ ಹಚ್ಚಿ ಒಂದು ಹೂವನ್ನೂ ಏರಿಸಿದ್ದಳು. ತಮ್ಮ ಹೇಳಿದ್ದನ್ನು ನೆನಪಿಟ್ಟು ಕಣ್ಣಿನ ಜಾಗ ಮಾತ್ರ ಬಿಟ್ಟಿದ್ದಳು. ಅವಳ ಕಣ್ಣು ಕೆಂಡವಾಗಿತ್ತು, ರೆಪ್ಪೆಗಳು ಊದಿದ್ದವು.

ಬಾಳೇಶನಿಗೆ ಮೊದಲು ಬಂದದ್ದು ಸಿಟ್ಟು. ಎರಡು ತಿಂಗಳ ದುಡಿಮೆಯನ್ನು ಅಕ್ಕ ಮೂರು ರಾತ್ರಿಯಾದರೂ ನಂಬಲಿಲ್ಲವಲ್ಲ. ದೀಪ ಕಾಯಲು ಇದು ಇರುವಾಗ ನೀನು ಯಾಕೆ ಕೂತೆ ಎಂದು ಕೇಳಿದ.

"ದೀಪಾ ಯಾರ ಕಾದಾರೊ?" ಎಂದಳು ಅಕ್ಕವ್ವ. "ನಾ ನಿನ್ನ ಡಬ್ಬಿ ಕಾದೆ."

ಹಿಂದೆ ನಿಂತಿದ್ದ ತ್ರಿವೇಣಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಬಾಳೇಶ ನಗಲಿಲ್ಲ. ಡಬ್ಬಿಯ ಮೇಲಿನ ಕೆಂಪು ಚುಕ್ಕೆಯನ್ನು ತೋರಿಸಿ, ಇದು ಉರಿಯುತ್ತಿದ್ದರೆ ಡಬ್ಬಿ ಎಚ್ಚರವಾಗಿದೆ ಎಂದೇ ಅರ್ಥ, ಮೊದಲ ದಿನವೇ ಹೇಳಿದ್ದೆನಲ್ಲ ಎಂದ.

"ಅದನ್ನ ನೋಡಬೇಕಂದ್ರ ನಾ ಕಣ್ಣ ತೆರದಿರಬೇಕಲ್ಲೊ, ಶಾಣ್ಯಾ."

ಬಾಳೇಶ ಅವಳೆದುರು ಕೂತ. ಅಕ್ಕವ್ವ ಅವನ ಮೊಣಕಾಲ ಮೇಲೆ ಕೈಯಿಟ್ಟಳು.

"ಅದು ಒದರಲಿಲ್ಲ, ಖರೆ. ಎಚ್ಚರಿದ್ದು ಒದರಲಿಲ್ಲೊ, ತಾನೂ ಮಲಕೊಂಡು ಒದರಲಿಲ್ಲೊ, ನನಗ ಹೆಂಗ ಗೊತ್ತಾಗಬೇಕು? ಅವ್ವ ಹೋದಾಗ ನೀ ಮೂರ ತಿಂಗಳ ಕೂಸು. ನನ್ನ ಮಗ್ಗಲದಾಗ ಮಲಗತಿದ್ದಿ. ನೀ ಅತ್ತರ ನನಗೇನೂ ಅಂಜಿಕಿ ಇರತಿರಲಿಲ್ಲ. ಸುಮ್ಮನಾದಿ ಅಂದ್ರ ಎದ್ದ ಕುಂದ್ರತಿದ್ದೆ. ಮೂಗಿನ ಮುಂದ ಬೆರಳ ಹಿಡದು ನೋಡತಿದ್ದೆ."

ಬಾಳೇಶನ ಸಿಟ್ಟು ಎಲ್ಲಿಗೆ ಹೋಯಿತೋ. ಅವನು ಡಬ್ಬಿಯ ಕಡೆ ತಿರುಗಿದ. ದೀಪ ಸೊರಗಿದರೆ ಏನು ಮಾಡಬೇಕು ಎಂದು ಆ ಚಿಪ್ಪಿಗೆ ಸಾಲುಸಾಲಾಗಿ ಬರೆದು ಕಲಿಸಿದ್ದ; ದೀಪ ಚೆನ್ನಾಗಿ ಉರಿಯುತ್ತಿದ್ದರೆ ಏನು ಮಾಡಬೇಕು ಎಂದು ಕಲಿಸಿರಲೇ ಇಲ್ಲ. ಎಲ್ಲವೂ ಸರಿಯಿದ್ದಾಗಲೂ ಏನನ್ನಾದರೂ ಹೇಳಬೇಕಾಗುತ್ತದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಅವನು ಹೂವನ್ನು ಕಣ್ಣಿಗೊತ್ತಿಕೊಂಡು ಬದಿಗಿಟ್ಟ. ಡಬ್ಬಿ ಬಿಚ್ಚಿ, ಚಿಪ್ಪನ್ನು ಅದರ ಗೂಡಿನಿಂದ ಮೆಲ್ಲಗೆ ಎಬ್ಬಿಸಿ, ಬೆಳ್ಳಿ ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಮಧ್ಯಾಹ್ನ ತಿರುಗಿ ಬರುತ್ತೇನೆ, ಅಲ್ಲಿಯವರೆಗೆ ಸೊಸೆ ದೀಪ ನೋಡಲಿ ಎಂದ. ಊಟ ಮಾಡಿ ಹೋಗು ಎಂದರೂ ನಿಲ್ಲಲಿಲ್ಲ.

ಬಸ್ಸು ದೇಸೂರ ದಾಟುವಾಗ ಅವನು ಜೇಬಿನ ಮೇಲಿಂದ ಕೈ ತೆಗೆದಿರಲಿಲ್ಲ. ದೀಪ ಉರಿಯುತ್ತಿದ್ದರೆ ಡಬ್ಬಿ ಸಣ್ಣಗೆ ಒಂದು ಸದ್ದು ಮಾಡಬೇಕು. ಅದೂ ಗಡಿಯಾರದ ಹಾಗೆ ಸುಮ್ಮನೆ ಅಲ್ಲ, ಪ್ರತಿ ಸಲವೂ ಕುಡಿಯನ್ನು ಕಣ್ಣಾರೆ ನೋಡಿದ ಮೇಲೆಯೇ. ಆಗ ಸದ್ದು ಇದೆಯೆಂದರೆ ದೀಪವೂ ಇದೆ, ಕಾಯುವವನೂ ಇದ್ದಾನೆ. ಅಷ್ಟು ಬರೆಯಲು ಆರೇಳು ಸಾಲು ಸಾಕು. ಎಷ್ಟು ಹೊತ್ತಿಗೊಮ್ಮೆ ಎಂಬುದೇ ತಿಳಿಯಲಿಲ್ಲ. ಮನೆ ಮುಟ್ಟಿ ಕಂಪ್ಯೂಟರಿನ ಮುಂದೆ ಕೂತು ಕ್ಷಣಕ್ಕೊಂದು ಎಂದು ಮಾಡಿದ. ಮರಕುಟಿಗ ತಲೆ ಕುಟ್ಟಿದಂತಾಯಿತು. ನಿಮಿಷಕ್ಕೊಂದು ಮಾಡಿದ, ನಡುವಿನ ಮೌನದಲ್ಲಿ ಅವನಿಗೇ ದಿಗಿಲಾಯಿತು. ತಲೆ ಎತ್ತಿದರೆ, ರವಿವಾರದ ಊಟ ಮುಗಿಸಿ ಅವನಿಗಾಗಿ ತಾಟು ಮುಚ್ಚಿಟ್ಟು ಕಾಯುತ್ತಿದ್ದ ಅನುರಾಧಾ ಬಾಗಿಲಿನ ಚೌಕಟ್ಟಿಗೆ ಒರಗಿ ಹಾಗೆಯೇ ಜೋಂಪಿಗೆ ಜಾರಿದ್ದಳು. ಬಾಳೇಶ ಕೈಗಡಿಯಾರ ನೋಡುತ್ತ ಅವಳ ಉಸಿರು ಎಣಿಸಿದ. ಐದೈದು ಸೆಕೆಂಡಿಗೆ ಒಂದು. ಅಷ್ಟನ್ನೇ ಬರೆದು ಚಿಪ್ಪಿಗೆ ತುಂಬಿದ.

ಮೂರೂವರೆಗೆ ಅವನು ಮತ್ತೆ ಖಾನಾಪುರದ ಜಗಲಿಯ ಮುಂದಿದ್ದ. ಚಿಪ್ಪು ಕೂರಿಸಿದರೆ ಸದ್ದಿಲ್ಲ. ಬಿಚ್ಚಿ ನೋಡಿದರೆ ಅವಸರದಲ್ಲಿ ಒಂದು ಕಾಲು ಮಡಚಿ ಹೊಟ್ಟೆಯ ಕೆಳಗೆ ಸೇರಿತ್ತು. ತ್ರಿವೇಣಿ ಸೂಜಿ ತಂದುಕೊಟ್ಟಳು. ಕಾಲು ನೇರ ಮಾಡಿ ಮತ್ತೆ ಒತ್ತಿದ.

ಟಿಕ್.

ಜೋಳದ ಕಾಳೊಂದು ಹಿತ್ತಾಳೆಯ ತಾಟಿಗೆ ಬಿದ್ದಷ್ಟು ಸಣ್ಣ ಸದ್ದು. ಅಕ್ಕವ್ವ ಕಿವಿಗೊಟ್ಟಳು. ಇನ್ನೊಂದು ಬಂತು. ಮತ್ತೊಂದು. ಬಾಳೇಶ ಡಬ್ಬಿಯ ಕಣ್ಣಿನ ಮುಂದೆ ಅಂಗೈ ಅಡ್ಡ ಹಿಡಿದ, ಸದ್ದು ನಿಂತಿತು. ಮನಸ್ಸಿನಲ್ಲಿ ಹತ್ತು ಎಣಿಸುವಷ್ಟರಲ್ಲಿ ಡಬ್ಬಿ ಕಿರುಚಿ, ಒಳಗೆ ಮಲಗಿದ್ದ ಕೂಸು ಬೆದರಿ ಅತ್ತಿತು. ಕೈ ತೆಗೆದ. ಟಿಕ್.

"ಏನಂತೈತಿ ಅದು?" ಅಕ್ಕವ್ವ ಕೇಳಿದಳು.

"ದೀಪ ಐತಿ, ನಾನೂ ಅದೇನಿ ಅಂತೈತಿ."

ಅವಳು ಅಲ್ಲೇ ಚಾಪೆ ಎಳೆದುಕೊಂಡು, ತೋಳು ತಲೆಗಿಟ್ಟು, ಕಣ್ಣು ಮುಚ್ಚಿ ಅಡ್ಡಾದಳು. ಬಾಳೇಶ ಕಂಬದ ಬಳಿ ಕೂತ.

ಟಿಕ್.

"ಹೂಂ," ಎಂದಳು ಅಕ್ಕವ್ವ, ಕಥೆ ಕೇಳುವವರು ಹೂಂಗುಟ್ಟುವ ಹಾಗೆ.

ಟಿಕ್.

"ಹೂಂ."

ಹೀಗೆ ಎಷ್ಟು ಹೊತ್ತೋ. ಆಮೇಲೆ ಒಂದು ಸದ್ದು ಅವಳ ಹೂಂ ಇಲ್ಲದೆ ಹೋಯಿತು. ಮುಂದಿನದಕ್ಕೆ ತಡವಾಗಿ, ಗಂಟಲೊಳಗಿಂದ ಒಂದು ಬಂತು. ಅಂಗಳದಿಂದ ಅತ್ತೆಯನ್ನು ಏನೋ ಕೇಳಲು ಬಂದ ತ್ರಿವೇಣಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ದೀಪದ ಕುಡಿ ಒಮ್ಮೆ ಓಲಾಡಿ ನೆಟ್ಟಗಾಯಿತು. ಡಬ್ಬಿ ತನ್ನ ಮಾತು ಹೇಳಿತು. ಚಾಪೆಯ ಮೇಲಿಂದ ಯಾರೂ ಹೂಂ ಅನ್ನಲಿಲ್ಲ.