ಮೂರು ವರ್ಷ ರೊಟ್ಟಿ ತಟ್ಟಬಾರದು

"ಹಿಟ್ಟಿನಿಂದ ಕೈ ತೆಗಿಯೇ ರಂಡೆ. ಆ ಕೈ ನಿಂದಲ್ಲ, ಇನ್ನೂ ಮೂರು ವರ್ಷ ನಂದು."

ಹರಿಹರದ ಖಾನಾವಳಿಯ ಹಿಂಬಾಗಿಲಲ್ಲಿ ರುದ್ರಮುನಿ ಸಾವ್ಕಾರ ನಿಂತಿದ್ದ. ಪಕ್ಕದಲ್ಲಿ ಕೋರ್ಟಿನ ಅಮೀನ, ಅವನ ಕೈಯಲ್ಲಿ ಕಾಗದದ ಕಟ್ಟು. ಹಂಚಿನ ಮೇಲೊಂದು ರೊಟ್ಟಿ ಉಬ್ಬುತ್ತಿತ್ತು, ಕಲ್ಲಿನ ಮೇಲೆ ಇನ್ನೊಂದು ಅರ್ಧ ತಟ್ಟಿದ್ದು ಹಾಗೇ ಇತ್ತು. ನಾನು ಕೈ ತೆಗೆದುಬಿಟ್ಟೆ. ಆರು ವರ್ಷ ಅವನ ದನಿಗೆ ಬೆದರಿದ ಕೈ, ನನ್ನನ್ನು ಕೇಳದೆಯೇ ಹಿಂದಕ್ಕೆ ಬಂತು. ಹಂಚಿನ ಮೇಲಿದ್ದದ್ದು ಸೀದು ಹೋಯಿತು. ಮಗುಚುವಷ್ಟೂ ಧೈರ್ಯ ನನಗಿರಲಿಲ್ಲ, ಥೂ ನನ್ನ ಬಾಳಿಗಿಷ್ಟು.

ಅಮೀನ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡ. ಖಾನಾವಳಿಯ ಮಾಲೀಕ ಕರಿಬಸವರಾಜನಿಗೂ ಒಂದು ಪ್ರತಿ ಕೊಟ್ಟ. ಕೇಸಿನಲ್ಲಿ ನಾನು ಒಂದನೇ ಪ್ರತಿವಾದಿ, ಕೆಲಸ ಕೊಟ್ಟ ತಪ್ಪಿಗೆ ಅವನು ಎರಡನೆಯವನು.

ಸಂಜೆ ದಾವಣಗೆರೆಯ ನಮ್ಮ ಆನೆಕೊಂಡದಲ್ಲಿ ನೆರೆಮನೆಯ ಖುರ್ಷೀದಾ ಕಾಗದ ಓದಿ ಹೇಳಿದಳು. ಹರಿಹರದ ಕೆಲಸ ಹುಡುಕಿಕೊಟ್ಟವಳೂ ಅವಳೇ. ಸಾವ್ಕಾರನ ರೊಟ್ಟಿ ಕೇಂದ್ರ ಬಿಟ್ಟ ಮೇಲೆ ಮೂರು ವರ್ಷ, ದಾವಣಗೆರೆಯಿಂದ ಮೂವತ್ತು ಕಿಲೋಮೀಟರ್ ಒಳಗೆ ನಾನು ಎಲ್ಲೂ ರೊಟ್ಟಿ ತಟ್ಟಬಾರದಂತೆ. ಕೇಂದ್ರದ ವ್ಯಾಪಾರ ರಹಸ್ಯ ಯಾರಿಗೂ ಹೇಳಬಾರದಂತೆ. ತಪ್ಪಿದರೆ ಐದು ಲಕ್ಷ. ಕೆಳಗೆ ನನ್ನದೇ ಹೆಬ್ಬೆಟ್ಟು. ಇಎಸ್‌ಐ ಕಾರ್ಡಿಗೆ ಬೇಕು ಅಂತ ಸಾವ್ಕಾರ ಒತ್ತಿಸಿಕೊಂಡಿದ್ದ ಛಾಪಾ ಕಾಗದ ಅದು. ಕಾರ್ಡು ಮಾತ್ರ ಇವತ್ತಿನವರೆಗೂ ಬಂದಿಲ್ಲ.

ಅವತ್ತಿನಿಂದ ಮನೆಯಲ್ಲೂ ಹಿಟ್ಟು ಮುಟ್ಟಲಿಲ್ಲ. ನಮ್ಮ ಕೇರಿಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿದೆ, ಪಟಪಟ ಸದ್ದು ಮೂರು ಮನೆಯಾಚೆಗೆ ಕೇಳುತ್ತದೆ. ಯಾರಾದರೂ ಹೋಗಿ ಚಾಡಿ ಹೇಳಿದರೆ? ಎಂಟು ದಿನ ಬರೀ ಅನ್ನ ಬೇಯಿಸಿದೆ. ಯಾಕವ್ವ ರೊಟ್ಟಿಯಿಲ್ಲ ಎಂದು ಮಗಳು ಕೇಳಿದಾಗ ಜೋಳ ಮುಗಿದಿದೆ ಎಂದು ಸುಳ್ಳು ಹೇಳಿದೆ. ಬಾಗಿಲು ಬಡಿದರೆ ಸಾಕು, ಹಂಚನ್ನು ಮರೆಗೆ ಸರಿಸುತ್ತಿದ್ದೆ.

ಅವನ ರಹಸ್ಯ ಏನು ಅಂತ ನನಗೆ ಗೊತ್ತಿತ್ತು. ಅಲ್ಲಿ ದುಡಿದ ಏಳು ಹೆಂಗಸರಿಗೂ ಗೊತ್ತಿತ್ತು. ಸರಸ್ವತಿ ನಗರದ ಆ ಕೇಂದ್ರದ ಮುಂದೆ, ಹಣೆತುಂಬ ವಿಭೂತಿ ಧರಿಸಿದ ಸಾವ್ಕಾರನ ಹೆಂಡತಿ ಕಸ್ತೂರಮ್ಮ ರೊಟ್ಟಿ ತಟ್ಟುವ ದೊಡ್ಡ ಫೋಟೊ ಇದೆ. ಆಚಾರವಂತರ ಮನೆ ರೊಟ್ಟಿ ಎಂದು ಪೂಜೆಯ ಮನೆಗಳವರೂ ಅಲ್ಲಿಂದಲೇ ಒಯ್ಯುತ್ತಾರೆ. ತಟ್ಟುವವರು ನಾವು, ಮಾದಿಗರ ಹೆಂಗಸರು. ಬೆಳಗಿನ ಐದಕ್ಕೆ ಹಿಂದಿನ ಸಂದಿಯಿಂದ ಒಳಗೆ, ಕತ್ತಲಾದ ಮೇಲೆ ಅದೇ ಸಂದಿಯಿಂದ ಹೊರಗೆ. ಮುಂದಿನ ಕೋಣೆಗೆ ಕಾಲಿಡುವಂತಿಲ್ಲ.

ಒಂದು ದಿನ ಹಿಟ್ಟು ಮುಗಿಯುತ್ತಾ ಬಂತೆಂದು ಹೇಳಲು ನಾನು ಬಾಗಿಲವರೆಗೆ ಹೋಗಿಬಿಟ್ಟೆ. ಗಿರಾಕಿಯೊಬ್ಬರು ನನ್ನ ಹಿಟ್ಟಿನ ಕೈ ನೋಡಿ ಇವರ್ಯಾರು ಎಂದರು. ಸಾವ್ಕಾರ ನಗುನಗುತ್ತಲೇ, ಮುಸುರೆ ತಿಕ್ಕೋಳು ಎಂದ. ಅವರು ಹೋದ ಮೇಲೆ ಒಳಗೆ ಬಂದು ಹಿಟ್ಟಿನ ಪಾತ್ರೆಯನ್ನು ನನ್ನ ತಲೆಯ ಮೇಲೆ ಬೋರಲು ಹಾಕಿದ. ಉಳಿದ ಆರೂ ಜನ ತಲೆ ತಗ್ಗಿಸಿ ತಟ್ಟುತ್ತಲೇ ಇದ್ದರು. ಮರುದಿನದಿಂದ ನಾನು ಹೋಗಲಿಲ್ಲ.

ಕಾನೂನು ನೆರವಿನಿಂದ ನನಗೆ ಸಿಕ್ಕ ವಕೀಲೆ ವಾಣಿ ಮೇಡಂ. ಕಾಗದ ಓದಿ ನಕ್ಕುಬಿಟ್ಟರು. ಕೆಲಸ ಬಿಟ್ಟ ಮೇಲೆ ಹೊಟ್ಟೆಪಾಡಿಗೆ ಅಡ್ಡ ಬರುವ ಕರಾರು ಈ ದೇಶದಲ್ಲಿ ಊರ್ಜಿತವಲ್ಲ, ಕರಾರು ಕಾಯ್ದೆಯ ಇಪ್ಪತ್ತೇಳನೇ ಕಲಮು ಬಾಯಿಬಿಟ್ಟು ಹೇಳುತ್ತದೆ ಎಂದರು. ಅದು ಮಾಲೀಕರಿಗೂ ಗೊತ್ತಂತೆ. ಅದಕ್ಕೇ ಈಗೀಗ ರಹಸ್ಯ ಕದ್ದರು ಅಂತ ಸೇರಿಸುತ್ತಾರಂತೆ.

"ಗೆಲ್ಲಾಕಲ್ಲ ಅಕ್ಕ, ನಿಮ್ಮನ್ನ ಓಡಾಡಿಸಿ ಸುಸ್ತು ಮಾಡಾಕ. ನೀವು ಕೋರ್ಟಿನಾಗೆ ಏನೂ ಮಾತಾಡೋದು ಬ್ಯಾಡ, ನಾನು ನೋಡ್ಕಂತೀನಿ."

ನಾನೂ ಹಾಗೇ ಅಂದುಕೊಂಡಿದ್ದೆ. ಮಾತಾಡದಿರಲು ನನಗೆ ಇನ್ನೊಂದು ಕಾರಣವಿತ್ತು. ಕರಿಬಸವರಾಜ ಕೆಲಸಕ್ಕೆ ತೆಗೆದುಕೊಂಡ ದಿನ, "ರುದ್ರಮುನಿಯೋರ ಕೇಂದ್ರದಾಗೆ ಇದ್ದೋರು ಅಂದ್ರೆ ನಮ್ಮೋರೇ ಇರಬೇಕು, ಹೌದಲ್ರೀ?" ಎಂದಿದ್ದ. ನಾನು ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲೂ ಇಲ್ಲ. ಕೂಡ್ರಿ, ಚಾ ಕುಡೀರಿ ಎಂದು ಲೋಟ ಕೈಗೇ ಕೊಟ್ಟಿದ್ದ. ನಾನು ಮಾದಿಗರವಳೆಂದು ಹೇಳದೆಯೇ ಆ ಚಾ ಕುಡಿದುಬಿಟ್ಟೆ.

ದಾವಣಗೆರೆ ಕೋರ್ಟಿನಲ್ಲಿ ನಮ್ಮ ಕೇಸು ಕೂಗಿದಾಗ ಹನ್ನೆರಡಾಗಿತ್ತು. ಕರಿಬಸವರಾಜ ನನ್ನ ಬೆನ್ನ ಹಿಂದೆಯೇ ನಿಂತಿದ್ದ. ವಾಣಿ ಮೇಡಂ ಕಲಮು ಹೇಳಿದರು. ಜಡ್ಜ್ ಸಾಹೇಬರು ತಲೆಯಾಡಿಸಿ, ಕರಾರಿನ ಮಾತು ಸರಿ, ಆದರೆ ಜೋಳದ ರೊಟ್ಟಿಯಲ್ಲಿ ರಹಸ್ಯ ಏನಿದೆ ಎಂದು ಸಾವ್ಕಾರನ ವಕೀಲನನ್ನು ಕೇಳಿದರು.

ವಕೀಲ ಕೋಟು ಸರಿಮಾಡಿಕೊಂಡ. ಅದು ಆಚಾರವಂತ ಮನೆತನದ ಕೈಗುಣ, ಕಸ್ತೂರಮ್ಮನವರು ಅತ್ತೆಯಿಂದ ಕಲಿತ ವಿಧಾನ, ಮುಸುರೆ ತಿಕ್ಕಲು ಬಂದ ಈ ಹೆಂಗಸು ಕದ್ದು ನೋಡಿ ಕಲಿತು ಮಾರಿಕೊಂಡಿದ್ದಾಳೆ ಎಂದ.

ರೊಟ್ಟಿ ನನಗೆ ಕಲಿಸಿದವಳು ನಮ್ಮವ್ವ. ಹಂಚಿನ ಮೇಲೆ ಬೆರಳು ಸುಟ್ಟುಕೊಂಡು, ಉಗುಳು ಹಚ್ಚಿಕೊಂಡು ಕಲಿಸಿದವಳು. ಕದ್ದದ್ದು ಯಾರು? ಸಿಟ್ಟು ಬಂತೋ, ಹೆದರಿಕೆಯೇ ತುದಿ ಮುಟ್ಟಿತೋ, ನನ್ನ ಬಾಯಿ ತೆರೆದುಕೊಂಡಿತು. ವಾಣಿ ಮೇಡಂ ತೋಳು ಹಿಡಿದರು. ಕೊಡವಿಕೊಂಡೆ.

"ಸ್ವಾಮಿ, ಕಸ್ತೂರಮ್ಮಾರಿಗೆ ರೊಟ್ಟಿ ತಟ್ಟಾಕ ಬರಲ್ಲ. ಅಷ್ಟೂ ತಟ್ಟಿದ್ದು ನಾವು. ಆನೆಕೊಂಡದ ಮಾದಿಗರ ಹೆಂಗಸ್ರು, ಏಳು ಜನ. ಅದ್ನ ಯಾರಿಗೂ ಹೇಳಬ್ಯಾಡ ಅಂದಿದ್ರು. ರಹಸ್ಯ ಅದೊಂದೇ, ಬ್ಯಾರೆ ಏನೂ ಇಲ್ಲ."

ಸಾವ್ಕಾರನ ಮುಖ ಬೂದಿಯಾಯಿತು. ಇದು ನಿಜವೇ ಎಂದು ಸಾಹೇಬರು ಅವನನ್ನೇ ಕೇಳಿದರು. ಅವನ ವಕೀಲ ದಿನಾಂಕ ಮುಂದಕ್ಕೆ ಹಾಕಿ ಎಂದು ಬೇಡತೊಡಗಿದ. ಊಟದ ಬಿಡುವಾದ ಮೇಲೆ, ನಾನು ರೊಟ್ಟಿ ತಟ್ಟದಂತೆ ಸಾವ್ಕಾರ ಕೇಳಿದ್ದ ತಡೆಯಾಜ್ಞೆಯ ಅರ್ಜಿ ವಜಾ ಆಯಿತು. ದಾವೆ ಇನ್ನೂ ಎಳೆದಾಡಬಹುದು, ಆದರೆ ನೀವು ಎಲ್ಲಿ ಬೇಕಾದರೂ ರೊಟ್ಟಿ ತಟ್ಟಬಹುದು ಎಂದು ವಾಣಿ ಮೇಡಂ ಕೈ ಕುಲುಕಿದರು.

ಎಲ್ಲಿ ಬೇಕಾದರೂ! ಕರಿಬಸವರಾಜ ಮೆಟ್ಟಿಲಿಳಿದು ಹೋಗುತ್ತಿದ್ದ. ಕೆಲಸ ಮುಗಿಸಿ ಹೊರಡುವಾಗಲೆಲ್ಲ, ನಾಳೆ ಜಲ್ದಿ ಬರ್ರಿ ಅನ್ನುತ್ತಿದ್ದವನು, ಅವತ್ತು ಅನ್ನಲಿಲ್ಲ.

ಮರುದಿನ ಹರಿಹರದ ಬಸ್ಸು ಹತ್ತಿದೆ. ಹಿಂಬಾಗಿಲು ತೆರೆದಿತ್ತು. ಕರಿಬಸವರಾಜ ಬಾ ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಒಲೆ ಹಚ್ಚಿದೆ, ಎಸರು ಹೊಯ್ದು ಹಿಟ್ಟು ನಾದಿದೆ. ಒಂದು ಗಂಟೆಯ ಹೊತ್ತಿಗೆ ಬುಟ್ಟಿ ತುಂಬಿತು. ಯಾರೂ ಒಳಗೆ ಬಂದು ಬುಟ್ಟಿ ಎತ್ತಲಿಲ್ಲ.

ಹೊರಗೆ ಗಿರಾಕಿಗಳು ರೊಟ್ಟಿ ತರ್ರಿ ಎಂದು ಕರೆಯುತ್ತಿದ್ದರು. ಕರಿಬಸವರಾಜ ನಡುಬಾಗಿಲಲ್ಲಿ ನಿಂತು ಬುಟ್ಟಿ ನೋಡುತ್ತಿದ್ದ, ನನ್ನನ್ನು ನೋಡುತ್ತಿರಲಿಲ್ಲ. ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ಅವನ ಪಕ್ಕದಲ್ಲೇ ಹಾದು ಊಟದ ಹಾಲಿಗೆ ಹೋದೆ. ಮೊದಲ ಮೇಜಿನಲ್ಲಿ ಕೂತವರ ತಟ್ಟೆಗೆ ರೊಟ್ಟಿ ಹಾಕಿದೆ. ಅವರು ತಲೆಯೆತ್ತಿ ನನ್ನ ಹಿಟ್ಟಿನ ಕೈ ನೋಡಿದರು.

"ನೀವ್ಯಾರ್ರೀ?" ಎಂದರು.

"ರೊಟ್ಟಿ ತಟ್ಟಿದೋಳು," ಎಂದೆ.